ಉಳಿದ ಹನ್ನೆರಡು ಮಂದಿ ಯಾರು ಡಾಕ್ಟ್ರೇ?

ಪ್ರಶ್ನೆ

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ. ತಮ್ಮನಿಗೆ 31 ವರ್ಷ, ಗೂಡ್ಸ್ ಗಾಡಿ ಓಡಿಸುತ್ತಾನೆ, ಬೇರೆ ರಾಜ್ಯಕ್ಕೂ ಲೋಡು ಒಯ್ಯುತ್ತಾನೆ. ಎರಡು ತಿಂಗಳು ಕೆಮ್ಮಿದ. ಮೆಡಿಕಲ್ ಶಾಪಿನ ಸಿರಪ್ಪಿನಲ್ಲೇ ದಿನ ತಳ್ಳಿದ. ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ತೋಯುವಷ್ಟು ಬೆವರು. 55 ಕೆ.ಜಿ. ಇದ್ದವನು 44ಕ್ಕೆ ಇಳಿದ ಮೇಲೆ ನಾನೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಫದಲ್ಲಿ ಟಿಬಿ ಇದೆ, ‘ಮಾಮೂಲಿ ಮಾತ್ರೆಗೆ ಬಗ್ಗುವಂಥದ್ದು’ ಅಂದರು. ಐದು ವಾರದಿಂದ ದಿನಾ ಮೂರು ಮಾತ್ರೆ ನುಂಗುತ್ತಿದ್ದಾನೆ. ಜ್ವರ ನಿಂತಿದೆ, ಕೆಮ್ಮು ಅರ್ಧಕ್ಕರ್ಧ ಕಡಿಮೆ. ಆದರೆ ಬೆಳಿಗ್ಗೆ ಮಾತ್ರೆ ತೆಗೆದುಕೊಂಡರೆ ವಾಕರಿಕೆ, ಮೂತ್ರ ಕೆಂಪಗೆ ಹೋಗುತ್ತದೆ. ‘ಈಗ ಆರಾಮಿದ್ದೀನಲ್ಲ, ಗಾಡಿ ಹತ್ತುತೀನಿ’ ಅಂತ ಒಂದೇ ಹಟ. ಮೊದಲು ವಾರಕ್ಕೊಂದೆರಡು ಸಲ ಕುಡಿಯುತ್ತಿದ್ದ.

ನಮ್ಮ ತಂದೆ 1994ರಲ್ಲಿ ಇದೇ ಕಾಯಿಲೆಯಲ್ಲಿ ಹೋದರು. ಅವರೂ ಸರ್ಕಾರಿ ಔಷಧವನ್ನೇ ತೆಗೆದುಕೊಂಡಿದ್ದರು. ವಂಶದಲ್ಲೇ ಇದೆ, ಸರ್ಕಾರಿ ಮಾತ್ರೆಗೆ ಪವರ್ ಇಲ್ಲ ಅಂತ ಊರವರು ಹೇಳುತ್ತಾರೆ. ಪಕ್ಕದ ಬೀದಿಯವರಿಗೆ ದಿನಕ್ಕೆ ನಾಲ್ಕು ಮಾತ್ರೆ ಕೊಡುತ್ತಾರೆ, ನಮ್ಮವನಿಗೆ ಮೂರೇ ಯಾಕೆ? ನಮ್ಮ ದೇಶದಲ್ಲಿ ಟಿಬಿ ಚಿಕಿತ್ಸೆ ನೂರಕ್ಕೆ 88 ಜನರಲ್ಲಿ ಯಶಸ್ವಿ ಅಂತ ಮೊನ್ನೆ ಓದಿದೆ. ಅವತ್ತಿಂದ ನಿದ್ದೆಯಿಲ್ಲ. ಉಳಿದ ಹನ್ನೆರಡು ಮಂದಿ ಯಾರು ಡಾಕ್ಟ್ರೇ? ಅದರಲ್ಲಿ ನನ್ನ ತಮ್ಮ ಇದ್ದಾನಾ? ಮನೆಯಲ್ಲಿ 4 ಮತ್ತು 7 ವರ್ಷದ ಅವನ ಮಕ್ಕಳಿದ್ದಾರೆ. ತಟ್ಟೆ ಲೋಟ ಬೇರೆ ಮಾಡಿದ್ದೇವೆ.

ಉತ್ತರ

ಅಮ್ಮಾ, ನಿಮ್ಮ ಪತ್ರದಲ್ಲಿ ಹತ್ತು ಪ್ರಶ್ನೆಗಳಿವೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ, ಆ ಹನ್ನೆರಡರ ಲೆಕ್ಕ. ಅಲ್ಲಿಂದಲೇ ಶುರು ಮಾಡುತ್ತೇನೆ. ನಾನು ಎದೆರೋಗದ ವೈದ್ಯ. ಕೆಲವು ವರ್ಷ ಜಿಲ್ಲೆಯ ಕ್ಷಯರೋಗ ವಿಭಾಗದಲ್ಲಿದ್ದೆ. ನೀವು ಓದಿದ ಆ ಶೇಕಡಾವಾರು ಹುಟ್ಟುವುದು ಇಂಥ ವಿಭಾಗಗಳ ರಿಜಿಸ್ಟರಿನಲ್ಲಿ. ಮೂರು ತಿಂಗಳಿಗೊಮ್ಮೆ ಒಂದೊಂದು ಹೆಸರಿನ ಮುಂದೆ ಒಂದೊಂದು ಷರಾ ಬರೆದು ಕೂಡಿಸಿದವರಲ್ಲಿ ನಾನೂ ಒಬ್ಬ.

ಆದ್ದರಿಂದ ಗಟ್ಟಿಯಾಗಿ ಹೇಳಬಲ್ಲೆ, ಅದು ಚೀಟಿ ಎತ್ತಿದ ಹಾಗಲ್ಲ. ನೂರು ಜನರನ್ನು ಸಾಲಾಗಿ ನಿಲ್ಲಿಸಿ ವಿಧಿ ಹನ್ನೆರಡು ಜನರನ್ನು ಕಣ್ಣುಮುಚ್ಚಿ ಆರಿಸಿಕೊಳ್ಳುವುದಿಲ್ಲ. ಆ ಹನ್ನೆರಡು ಮಂದಿಗೆ ಮುಖವಿದೆ, ಕಾರಣವಿದೆ, ಬಹಳ ಸಲ ಆ ಕಾರಣ ಮೊದಲ ದಿನವೇ ಕಣ್ಣಿಗೆ ಕಾಣುವಂಥದ್ದು.

ಮೊದಲು ‘ಯಶಸ್ಸು’ ಎಂಬ ಪದಕ್ಕೆ ಅರ್ಥ ನೋಡೋಣ. ಎರಡು ಬಗೆಯವರನ್ನು ಸೇರಿಸಿದರೆ ಆ ಸಂಖ್ಯೆ ಬರುತ್ತದೆ. ಚಿಕಿತ್ಸೆಯ ಕೊನೆಗೆ ಕಫ ಪರೀಕ್ಷೆಯಲ್ಲಿ ರೋಗಾಣು ಇಲ್ಲ ಎಂದು ಖಾತ್ರಿಯಾದವರು ‘ಗುಣಮುಖ’. ಪೂರ್ತಿ ಔಷಧ ಮುಗಿಸಿದ್ದಾರೆ, ಚೆನ್ನಾಗಿದ್ದಾರೆ, ಆದರೆ ಕೊನೆಯ ಪರೀಕ್ಷೆಯ ದಾಖಲೆ ಇಲ್ಲದವರು ‘ಚಿಕಿತ್ಸೆ ಪೂರ್ಣ’. ಭಾರತದಲ್ಲಿ ಇತ್ತೀಚಿನ ವರ್ಷಗಳಲ್ಲಿ ಈ ಎರಡರ ಮೊತ್ತ 85ರಿಂದ 90ರ ನಡುವೆ ಆಡುತ್ತಿದೆ. ಉಳಿದವರಲ್ಲಿ ಸುಮಾರು ನಾಲ್ಕು ಜನ ಚಿಕಿತ್ಸೆಯ ನಡುವೆ ತೀರಿಕೊಂಡವರು. ಕೆಲವರು ಮಾತ್ರೆ ಬಿಟ್ಟು ಹೋದವರು. ಕೆಲವರು ಔಷಧ ಒಗ್ಗದೆ ಅಥವಾ ರೋಗಾಣು ಜಗ್ಗದೆ ಬೇರೆ ಚಿಕಿತ್ಸೆಗೆ ಬದಲಾದವರು. ಕೆಲವರು ಊರು ಬಿಟ್ಟು ಲೆಕ್ಕಕ್ಕೇ ಸಿಗದವರು, ಅವರು ಎಲ್ಲೋ ಆರಾಮಾಗಿಯೂ ಇರಬಹುದು. ಔಷಧಕ್ಕೆ ಬಗ್ಗುವ ಟಿಬಿಯಲ್ಲಿ ಔಷಧವನ್ನು ಸರಿಯಾಗಿ ನುಂಗಿಯೂ ಅದು ಸೋತದ್ದು ನೂರಕ್ಕೆ ಒಂದರ ಆಸುಪಾಸು ಮಾತ್ರ. ನೀವು ಹೆದರಿರುವುದು ಆ ಒಂದಕ್ಕೆ. ನಾನು ಹೆದರುವುದು ಉಳಿದವಕ್ಕೆ, ಏಕೆಂದರೆ ಅವು ಹೆಚ್ಚು, ಮತ್ತು ಅವುಗಳಲ್ಲಿ ಬಹುಪಾಲನ್ನು ತಪ್ಪಿಸಬಹುದು.

ಔಷಧವೇ ಇಲ್ಲದಿದ್ದರೆ ಏನಾಗುತ್ತಿತ್ತು? ಇದಕ್ಕೆ ಉತ್ತರ ನಮ್ಮ ರಾಜ್ಯದ ಹಳ್ಳಿಗಳಿಂದಲೇ ಬಂದಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮತ್ತೆ ಮತ್ತೆ ಸಮೀಕ್ಷೆ ನಡೆಸಿದರು. ಕಫದಲ್ಲಿ ರೋಗಾಣು ಇದ್ದವರನ್ನು ಐದು ವರ್ಷದ ನಂತರ ನೋಡಿದಾಗ ನೂರಕ್ಕೆ 49 ಮಂದಿ ಸತ್ತಿದ್ದರು. 18 ಮಂದಿಯ ಕಫದಲ್ಲಿ ರೋಗಾಣು ಹಾಗೇ ಇತ್ತು. 33 ಮಂದಿ ತಾವಾಗಿಯೇ ಗುಣವಾಗಿದ್ದರು.

ಆ 33ನ್ನು ಗಮನಿಸಿ. ಇಂಥ ಬೇರು ತಿಂದು ಟಿಬಿ ಹೋಯಿತು, ಅಂಥ ದೇವರಿಗೆ ಹರಕೆ ಹೊತ್ತು ಹೋಯಿತು ಎಂದು ಪ್ರತಿ ಊರಿನಲ್ಲೂ ಹೇಳುವವರು ಸಿಗುತ್ತಾರಲ್ಲ, ಅವರು ಸುಳ್ಳು ಹೇಳುತ್ತಿಲ್ಲ. ಏನೂ ಮಾಡದೆಯೂ ಮೂವರಲ್ಲಿ ಒಬ್ಬರು ಬದುಕಿಕೊಳ್ಳುವ ಕಾಯಿಲೆ ಇದು. ಆ ಒಬ್ಬ ಊರಲ್ಲಿ ಓಡಾಡಿಕೊಂಡು ಕಥೆ ಹೇಳುತ್ತಾನೆ. ಮಣ್ಣಾದವರು ಹೇಳಲು ಬರುವುದಿಲ್ಲ. ನಾಟಿ ಔಷಧದ ಹೆಸರು ಉಳಿದಿರುವುದು ಹೀಗೆ.

ನಿಮ್ಮ ತಂದೆಯವರ ವಿಷಯ. ನಾನು ಅವರ ಚೀಟಿ ನೋಡಿಲ್ಲ, ಆದರೆ ಆ ಕಾಲ ಗೊತ್ತು. ದೇಶದಲ್ಲಿ 1962ರಿಂದ ಕ್ಷಯ ನಿಯಂತ್ರಣ ಕಾರ್ಯಕ್ರಮ ಇತ್ತು. ಬಹಳ ಕಡೆ ಒಂದು ವರ್ಷ, ಒಂದೂವರೆ ವರ್ಷ ನಡೆಯುವ ಚಿಕಿತ್ಸೆ, ಜೊತೆಗೆ ಸೂಜಿ. 1992ರಲ್ಲಿ ಅದರ ಪರಾಮರ್ಶೆ ಮಾಡಿದಾಗ ಚಿಕಿತ್ಸೆ ಪೂರ್ತಿ ಮುಗಿಸುವವರು ಅರ್ಧಕ್ಕಿಂತಲೂ ಕಡಿಮೆ ಎಂದು ಕಂಡುಬಂತು. ಆಮೇಲೆ ಕಾರ್ಯಕ್ರಮವನ್ನೇ ಹೊಸದಾಗಿ ಕಟ್ಟಿ 1997ರಲ್ಲಿ ಶುರು ಮಾಡಿದರು, ಅದು ದೇಶದ ಎಲ್ಲ ಜಿಲ್ಲೆಗೆ ತಲುಪಲು 2006 ಆಯಿತು. ವಾರಕ್ಕೆ ಮೂರು ದಿನದ ಔಷಧ ಹೋಗಿ ದಿನವೂ ನುಂಗುವ ಮಾತ್ರೆ ಬಂದದ್ದು 2017ರಲ್ಲಿ. ನಿಮ್ಮ ತಂದೆಯವರಿಗೆ ಸಿಕ್ಕದ್ದೂ ನಿಮ್ಮ ತಮ್ಮನಿಗೆ ಸಿಗುತ್ತಿರುವುದೂ ಹೆಸರಿಗೆ ಮಾತ್ರ ಒಂದೇ ‘ಸರ್ಕಾರಿ ಔಷಧ’. ವಂಶದ ಮಾತೂ ಅಷ್ಟೇ. ಟಿಬಿ ರಕ್ತದಲ್ಲಿ ಇಳಿದು ಬರುವುದಿಲ್ಲ, ಗಾಳಿಯಲ್ಲಿ ಬರುತ್ತದೆ. ಒಂದೇ ಸೂರಿನಡಿ ಮಲಗುವವರಿಗೆ ಬಂದಾಗ ವಂಶದ ಹಾಗೆ ಕಾಣುತ್ತದೆ.

ಇನ್ನು ಮಾತ್ರೆಯ ಪವರ್. ನಿಮ್ಮ ತಮ್ಮ ನುಂಗುವ ಒಂದೊಂದು ಮಾತ್ರೆಯಲ್ಲೂ ನಾಲ್ಕು ಔಷಧ ಸೇರಿವೆ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್. ಎರಡು ತಿಂಗಳು ಈ ನಾಲ್ಕು, ಆಮೇಲೆ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಮೂರು. ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ ನಿಂತಿದೆ. 35ರಿಂದ 49 ಕೆ.ಜಿ. ಇದ್ದವರಿಗೆ ಮೂರು, 50ರಿಂದ 64 ಇದ್ದವರಿಗೆ ನಾಲ್ಕು. ಪಕ್ಕದ ಬೀದಿಯವರು ನಿಮ್ಮ ತಮ್ಮನಿಗಿಂತ ದಪ್ಪ ಇದ್ದಾರೆ, ಅಷ್ಟೇ. ತಮ್ಮನ ತೂಕ 50 ದಾಟಿದ ದಿನ ಆಸ್ಪತ್ರೆಯಲ್ಲಿ ಹೇಳಿ, ಮಾತ್ರೆಯ ಲೆಕ್ಕವನ್ನು ಮತ್ತೆ ನೋಡಬೇಕಾಗುತ್ತದೆ. ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದರೂ ಸರಿಯಾದ ವೈದ್ಯರು ಬರೆಯುವುದು ಇವೇ ನಾಲ್ಕು ಔಷಧಗಳನ್ನು. ಪವರ್ ಹೆಚ್ಚಿನದು ಎಂದು ಬೇರೆ ಇಲ್ಲ.

ಈಗ ನನ್ನ ಅನುಭವದಲ್ಲಿ ಆ ಹನ್ನೆರಡರೊಳಗೆ ಬೀಳುತ್ತಿದ್ದವರು ಯಾರೆಂದು ಹೇಳುತ್ತೇನೆ. ಒಬ್ಬರ ಕಥೆ ಸಾಕು. ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಒಬ್ಬ ಹಮಾಲಿ, ನಲವತ್ತರ ಆಸುಪಾಸು. ಮೂರನೇ ತಿಂಗಳಲ್ಲಿ ಅವರ ಹೆಂಡತಿ ಒಂದು ಹಾರ್ಲಿಕ್ಸ್ ಡಬ್ಬ ಹಿಡಿದುಕೊಂಡು ಬಂದರು. ಮುಚ್ಚಳ ತೆಗೆದು ನನ್ನ ಮೇಜಿನ ಮೇಲೆ ಸುರಿದರೆ ಎಲ್ಲಾ ಮಾತ್ರೆ. ಸ್ಟ್ರಿಪ್ಪಿನಿಂದ ಬಿಡಿಸಿದವು, ಒಂದಷ್ಟು ಬಾಯಿಗೆ ಹಾಕಿ ಉಗುಳಿ ಬಣ್ಣ ಬಿಟ್ಟವು. ಸ್ಟ್ರಿಪ್ಪು ಮಾತ್ರ ಖಾಲಿ, ಹಾಗಾಗಿ ಆಶಾ ಕಾರ್ಯಕರ್ತೆಯ ಕಾರ್ಡಿನಲ್ಲಿ ದಿನವೂ ಟಿಕ್ ಬಿದ್ದಿತ್ತು. ನಾನು ಗದರಲಿಲ್ಲ. ಮಾತ್ರೆ ಎಷ್ಟು ಹೊತ್ತಿಗೆ ತಗೋತೀರಿ ಎಂದು ಕೇಳಿದೆ. ಬೆಳಿಗ್ಗೆ ಐದಕ್ಕೆ, ಖಾಲಿ ಹೊಟ್ಟೆಗೆ, ಆಮೇಲೆ ಯಾರ್ಡಿಗೆ. ಆರಕ್ಕೆ ಮೊದಲ ಲಾರಿ. ಮೂಟೆ ಬೆನ್ನಿಗೇರಿದ ಕೂಡಲೇ ವಾಂತಿ, ಜೊತೆಯವರ ಮುಂದೆ ಅವಮಾನ, ಅರ್ಧ ದಿನದ ಕೂಲಿ ನಷ್ಟ. ಔಷಧದ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅವರ ದಿನದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಕಫವನ್ನು ಮತ್ತೆ ಪರೀಕ್ಷೆಗೆ ಕಳಿಸಿ, ರೋಗಾಣು ಇನ್ನೂ ಔಷಧಕ್ಕೆ ಬಗ್ಗುತ್ತದೆ ಎಂದು ಖಾತ್ರಿಯಾದ ಮೇಲೆ ಮಾತ್ರೆಯನ್ನು ರಾತ್ರಿ ಮಲಗುವ ಹೊತ್ತಿಗೆ ತಳ್ಳಿದೆವು, ವಾಂತಿಗೆ ಒಂದು ಮಾತ್ರೆ ಕೊಟ್ಟೆವು. ಚಿಕಿತ್ಸೆ ಮುಗಿಸಿದರು. ರಿಜಿಸ್ಟರಿನಲ್ಲಿ ಅವರ ಮುಂದೆ ‘ಗುಣಮುಖ’ ಎಂದು ಬರೆದ ದಿನ ನನಗೆ ಹೊಳೆದದ್ದು: ನಾವು ಮೊದಲ ದಿನವೇ ‘ನಿಮ್ಮ ಕೆಲಸ ಏನು, ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ’ ಎಂದು ಕೇಳಿದ್ದರೆ ಅವರ ಮೂರು ತಿಂಗಳು ಉಳಿಯುತ್ತಿತ್ತು.

ಹಾಗಾಗಿ ನಿಮ್ಮ ತಮ್ಮನ ವಾಕರಿಕೆಯನ್ನು ನಾನು ಸಣ್ಣ ವಿಷಯ ಅನ್ನುವುದಿಲ್ಲ. ಈ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಮೈಗೆ ಹತ್ತುತ್ತದೆ, ನಿಜ. ಆದರೆ ವಾಂತಿಯಾಗಿ ಹೊರಗೆ ಹೋಗುವುದಕ್ಕಿಂತ ಒಂದಿಷ್ಟು ಅನ್ನವೋ ಇಡ್ಲಿಯೋ ತಿಂದು ನುಂಗುವುದು, ಇಲ್ಲವೇ ರಾತ್ರಿ ಮಲಗುವಾಗ ನುಂಗುವುದು ಎಷ್ಟೋ ಮೇಲು. ವೈದ್ಯರಿಗೆ ಒಂದು ಮಾತು ಹೇಳಿ ಸಮಯ ಬದಲಿಸಿಕೊಳ್ಳಿ. ಮೂತ್ರದ ಕಿತ್ತಳೆ-ಕೆಂಪು ಬಣ್ಣ ರಿಫಾಂಪಿಸಿನ್ನಿನದು, ಅದು ರಕ್ತವಲ್ಲ. ನನ್ನ ಮಟ್ಟಿಗೆ ಅದು ಮಾತ್ರೆ ಹೊಟ್ಟೆಗೆ ಹೋಗಿದೆ ಎಂಬುದಕ್ಕೆ ಸಾಕ್ಷಿ. ಕಣ್ಣು ಹಳದಿಯಾದರೆ, ಮೂತ್ರ ಕಡುಕಾಫಿಯ ಬಣ್ಣಕ್ಕೆ ತಿರುಗಿದರೆ, ಊಟ ಸೇರದೆ ವಾಂತಿ ನಿಲ್ಲದಿದ್ದರೆ ಮಾತು ಬೇರೆ. ಅದು ಲಿವರಿಗೆ ಪೆಟ್ಟು ಬೀಳುತ್ತಿರುವ ಸೂಚನೆ. ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕುಡಿತ ಈ ಆರು ತಿಂಗಳು ಪೂರ್ತಿ ಬೇಡ ಎನ್ನುವುದು ಇದಕ್ಕೇ, ಸಂಬಂಧವಿಲ್ಲದ ಬೇರಿನ ಕಷಾಯವೂ ಬೇಡ. ನಿಮ್ಮ ತಮ್ಮ ಡ್ರೈವರ್ ಆದ್ದರಿಂದ ಇನ್ನೊಂದು ಮಾತು. ಎಥಾಂಬ್ಯುಟಾಲ್ ಅಪರೂಪಕ್ಕೆ ಕಣ್ಣಿನ ನರಕ್ಕೆ ತೊಂದರೆ ಕೊಡುತ್ತದೆ, ಆಗ ದೃಷ್ಟಿ ಮಂಜಾಗುತ್ತದೆ, ಕೆಂಪು ಹಸಿರು ಬಣ್ಣ ಕಲಸುತ್ತದೆ. ಸಿಗ್ನಲ್ ದೀಪದ ಬಣ್ಣ ಮಂಕಾಗಿ ಕಂಡರೆ ತಡಮಾಡದೆ ಹೇಳಲಿ. ಪಾದ ಜುಮ್ಮೆನ್ನುವುದಕ್ಕೆ ಪಿರಿಡಾಕ್ಸಿನ್ ಎಂಬ ವಿಟಮಿನ್ ಮಾತ್ರೆ ಜೊತೆಗೇ ಕೊಡುತ್ತಾರೆ.

‘ಆರಾಮಿದ್ದೀನಿ, ಮಾತ್ರೆ ಸಾಕು’ ಎನ್ನುವ ಹಟಕ್ಕೆ ನಾನು ಹಳ್ಳಿಯ ರೋಗಿಗಳಿಗೆ ಗರಿಕೆಯ ಉದಾಹರಣೆ ಕೊಡುತ್ತೇನೆ. ಕುಂಟೆ ಹೊಡೆದ ಮರುದಿನ ಹೊಲ ಚೊಕ್ಕವಾಗಿ ಕಾಣುತ್ತದೆ. ಬೇರು ಒಳಗಿರುತ್ತದೆ. ಮೊದಲ ಕೆಲವು ವಾರಗಳಲ್ಲಿ ಸಾಯುವುದು ಚುರುಕಾಗಿ ಬೆಳೆಯುತ್ತಿರುವ ರೋಗಾಣು. ಜ್ವರ, ಕೆಮ್ಮು ನಿಲ್ಲುವುದು ಅದರಿಂದ. ಶ್ವಾಸಕೋಶದ ಮೂಲೆಗಳಲ್ಲಿ ಮಲಗಿಕೊಂಡಿರುವ ಒಂದಷ್ಟು ಉಳಿದಿರುತ್ತವೆ, ಉಳಿದ ತಿಂಗಳುಗಳ ಔಷಧ ಅವಕ್ಕೆ. ಈಗ ಬಿಟ್ಟರೆ ಅವೇ ಮತ್ತೆ ಏಳುತ್ತವೆ, ಕೆಲವೊಮ್ಮೆ ಔಷಧಕ್ಕೆ ಬಗ್ಗದ ಜಾತಿಯಾಗಿ ಏಳುತ್ತವೆ. 2014ರಿಂದ 2016ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್ ಎಂಬ ಎರಡು ಮುಖ್ಯ ಔಷಧಗಳಿಗೂ ಬಗ್ಗದ ಟಿಬಿ ಹೊಸ ರೋಗಿಗಳಲ್ಲಿ ನೂರಕ್ಕೆ 2.8 ಇತ್ತು. ಹಿಂದೆ ಒಮ್ಮೆ ಚಿಕಿತ್ಸೆ ತೆಗೆದುಕೊಂಡವರಲ್ಲಿ 11.6. ಅಂಥ ಟಿಬಿಗೆ 2021ರಲ್ಲಿ ಚಿಕಿತ್ಸೆ ಶುರುಮಾಡಿದವರಲ್ಲಿ ಜಗತ್ತಿನ ಯಶಸ್ಸಿನ ಪ್ರಮಾಣ ನೂರಕ್ಕೆ 68 ಇತ್ತು. ಈಗ ಅದಕ್ಕೂ ಸೂಜಿಯಿಲ್ಲದ, ಆರು ತಿಂಗಳಲ್ಲಿ ಮುಗಿಯುವ ಹೊಸ ಮಾತ್ರೆಗಳ ಜೋಡಣೆಗೆ 2024ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೂ ಆ ದಾರಿ ಕಠಿಣ. 88ರ ಗುಂಪಿನಿಂದ ಎದ್ದು ತಾನಾಗಿ 68ರ ಗುಂಪಿಗೆ ಹೋಗಿ ಕೂರುವುದು ಯಾಕೆ ಎಂದು ತಮ್ಮನನ್ನು ಕೇಳಿ.

ತೀರಿಕೊಳ್ಳುವ ಆ ನಾಲ್ವರ ಬಗ್ಗೆ ಈಗ ಹೇಳಬೇಕು. ಇದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಟಿಬಿ ಸಾವುಗಳಲ್ಲಿ ಬಹುಪಾಲು ಮೊದಲ ಎರಡು ತಿಂಗಳಲ್ಲೇ ಆಗುತ್ತವೆ. ತಡವಾಗಿ ಬಂದವರು, ಸಕ್ಕರೆ ಕಾಯಿಲೆ ಅಥವಾ ಎಚ್‌ಐವಿ ಜೊತೆಗಿರುವವರು, ವಯಸ್ಸಾದವರು, ವಿಪರೀತ ಕುಡಿಯುವವರು ಅದರಲ್ಲಿರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಎಲುಬಿಗೆ ಚರ್ಮ ಅಂಟಿದವರು. ನಮ್ಮ ವೃತ್ತಿಯವರು ಈ ಕೊನೆಯದನ್ನು ಬಹಳ ಕಾಲ ಹಗುರವಾಗಿ ಕಂಡೆವು. ಅದಕ್ಕೂ ಒಂದು ಹಿನ್ನೆಲೆಯಿದೆ. 1950ರ ದಶಕದ ಕೊನೆಗೆ ಮದ್ರಾಸಿನಲ್ಲಿ ನಡೆದ ಪ್ರಸಿದ್ಧ ಅಧ್ಯಯನದಲ್ಲಿ ಒಂದಷ್ಟು ಬಡರೋಗಿಗಳನ್ನು ಸ್ಯಾನಿಟೋರಿಯಂ ಎಂಬ ಕ್ಷಯರೋಗಿಗಳ ಆಸ್ಪತ್ರೆಯಲ್ಲಿ ಹಾಲು, ಹಣ್ಣು, ವಿಶ್ರಾಂತಿ ಕೊಟ್ಟು ನೋಡಿಕೊಂಡರು. ಇನ್ನಷ್ಟು ಜನರನ್ನು ಇಕ್ಕಟ್ಟಾದ ಅವರವರ ಮನೆಗೇ ಕಳಿಸಿ ಅದೇ ಔಷಧ ಕೊಟ್ಟರು. ಒಂದು ವರ್ಷದ ಕೊನೆಗೆ ಎರಡೂ ಕಡೆ ಗುಣವಾದವರ ಪ್ರಮಾಣ ಹೆಚ್ಚು ಕಡಿಮೆ ಒಂದೇ. ಜಗತ್ತಿನ ಸ್ಯಾನಿಟೋರಿಯಂಗಳು ಮುಚ್ಚಲು ದಾರಿಯಾದದ್ದು ಆ ಫಲಿತಾಂಶದಿಂದ. ಅದರ ಬೆನ್ನಿಗೇ ‘ಊಟ ಅಷ್ಟು ಮುಖ್ಯವಲ್ಲ, ಔಷಧ ಸಾಕು’ ಎಂಬ ಭಾವನೆಯೂ ಬೇರೂರಿತು.

ಅದನ್ನು ತಿದ್ದಿದವರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಇದ್ದಾರೆ ಎನ್ನಲು ನನಗೆ ಹೆಮ್ಮೆ. ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ಟಿಬಿ ರೋಗಿಗಳಿಗೆ ಔಷಧದ ಜೊತೆ ಪ್ರತಿ ತಿಂಗಳು 10 ಕೆ.ಜಿ. ಆಹಾರದ ಚೀಲ ಕೊಟ್ಟರು, ಅಕ್ಕಿ, ಕಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ. ರೋಗಿಗಳಲ್ಲಿ ಐವರಲ್ಲಿ ನಾಲ್ವರು ಅರೆಹೊಟ್ಟೆಯ ದೇಹದವರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು: ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ನೂರಕ್ಕೆ 61ರಷ್ಟು ಕಡಿಮೆ ಇತ್ತು. ಮನೆಮಂದಿಗೂ ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಕೊಟ್ಟ ಕಡೆ ಮನೆಯವರಿಗೆ ಟಿಬಿ ಬರುವುದು ಶೇ. 39ರಷ್ಟು ತಗ್ಗಿತು.

ಲೆಕ್ಕ ನಿಮ್ಮ ಮನೆಗೆ ತನ್ನಿ. 44 ಕೆ.ಜಿ.ಗೆ ನೂರಕ್ಕೆ ಐದು ಎಂದರೆ ಎರಡು ಕೆ.ಜಿ. ಇನ್ನೂರು ಗ್ರಾಂ. ಎರಡನೇ ತಿಂಗಳ ಕೊನೆಗೆ ತಮ್ಮನ ತೂಕ 46 ದಾಟಿರಬೇಕು. ಇದು ನಿಮ್ಮ ಕೈಯಲ್ಲಿರುವ ಸಂಖ್ಯೆ, ದೇಶದ ವರದಿಯಲ್ಲಿರುವುದಲ್ಲ. ದುಬಾರಿ ಪ್ರೋಟೀನ್ ಪುಡಿ ಬೇಡ. ಮುದ್ದೆಯ ಜೊತೆ ಗಟ್ಟಿ ಬೇಳೆಸಾರು ಅಥವಾ ಉಪ್ಸಾರಿನ ಕಾಳು, ದಿನಾ ಎರಡು ಮೊಟ್ಟೆ, ಒಂದು ಹಿಡಿ ಶೇಂಗಾ, ಮೊಸರು. ಇದನ್ನು ಮೂರು ಹೊತ್ತಿಗೆ ಬದಲು ಐದು ಹೊತ್ತಿಗೆ ಹಂಚಿ. ಸರ್ಕಾರ ಪೋಷಣೆಗೆಂದು ಖಾತೆಗೆ ಹಾಕುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿದೆ. ಬಂದಿಲ್ಲವಾದರೆ ಬ್ಯಾಂಕ್ ಪಾಸ್‌ಬುಕ್ ಹಿಡಿದು ಟಿಬಿ ವಿಭಾಗದಲ್ಲಿ ಕೇಳಿ, ನಾಚಿಕೆ ಬೇಡ. ಹಾಗೆಯೇ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಆಗಿದೆಯೇ ನೋಡಿ, ಪ್ರತಿ ಟಿಬಿ ರೋಗಿಗೂ ಅವು ಆಗಬೇಕು.

ತಮಿಳುನಾಡಿನಲ್ಲಿ 2022ರಿಂದ ಒಂದು ಪದ್ಧತಿ ನಡೆಸುತ್ತಿದ್ದಾರೆ. ಟಿಬಿ ಗೊತ್ತಾದ ಕೂಡಲೇ ಕೆಲವು ಸರಳ ಸಂಗತಿ ನೋಡುತ್ತಾರೆ: ಎತ್ತರಕ್ಕೆ ತಕ್ಕ ತೂಕ ಇದೆಯೇ, ಕಾಲು ಊದಿದೆಯೇ, ಉಸಿರು ಜೋರಾಗಿದೆಯೇ, ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕ 94ಕ್ಕಿಂತ ಕಡಿಮೆಯೇ, ಆಸರೆಯಿಲ್ಲದೆ ಎದ್ದು ನಿಲ್ಲುತ್ತಾರೆಯೇ. ತೀರಾ ಕ್ಷೀಣಿಸಿದವರನ್ನು ಮನೆಗೆ ಕಳಿಸದೆ ಒಳರೋಗಿಯಾಗಿ ಸೇರಿಸುತ್ತಾರೆ. ನೀವೂ ಇದನ್ನು ಗಮನಿಸಬಹುದು. ನಿಮ್ಮ ತಮ್ಮ ಓಡಾಡಿಕೊಂಡಿದ್ದಾರೆ, ಜ್ವರ ಬಿಟ್ಟಿದೆ, ಐದು ವಾರ ದಾಟಿದೆ. ಅಪಾಯದ ಮೊದಲ ತಿಟ್ಟನ್ನು ಅವರು ಹತ್ತಿಳಿದಿದ್ದಾರೆ ಎಂದೇ ನನ್ನ ಅಂದಾಜು. ತೂಕ ಏರಿದೆಯೇ ಎಂದು ನೀವು ಬರೆದಿಲ್ಲ. ಅದೊಂದೇ ನನಗೆ ಕೊರೆಯುತ್ತಿರುವುದು.

ಇನ್ನೊಂದು ಮಾತು ಬಿಟ್ಟರೆ ಆ 88ರ ಬಗ್ಗೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಅದು ರಿಜಿಸ್ಟರಿನಲ್ಲಿ ಹೆಸರು ಬಂದವರ ಲೆಕ್ಕ. ಹೆಸರೇ ಬರದವರು? 2013ರ ಅಂಕಿಗಳನ್ನು ಹಿಡಿದು ಸಂಶೋಧಕರು ಸರ್ಕಾರಿ ವ್ಯವಸ್ಥೆಯ ಮಟ್ಟಿಗೆ ಕೊನೆಯವರೆಗೂ ಹಿಂಬಾಲಿಸಿದಾಗ, ಟಿಬಿ ಇದ್ದವರಲ್ಲಿ ಪತ್ತೆಯಾಗಿ, ಚಿಕಿತ್ಸೆ ಮುಗಿಸಿ, ವರ್ಷದ ನಂತರವೂ ರೋಗ ಮರುಕಳಿಸದೆ ಬದುಕಿದ್ದವರು ನೂರಕ್ಕೆ 39 ಮಾತ್ರ ಎಂದು ಅಂದಾಜಾಯಿತು. ಅಂದಿಗಿಂತ ಇಂದು ಸ್ಥಿತಿ ಸುಧಾರಿಸಿದೆ, ಆದರೆ ಸೋರಿಕೆ ಇರುವ ಜಾಗ ಅದೇ, ಆಸ್ಪತ್ರೆಯ ಬಾಗಿಲಿಗೆ ಮುಂಚೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಟಿಬಿಯ ಲಕ್ಷಣವಿದ್ದವರಲ್ಲಿ ನೂರಕ್ಕೆ 64 ಮಂದಿ ಯಾವ ವೈದ್ಯರ ಬಳಿಗೂ ಹೋಗಿರಲಿಲ್ಲ. ತಪ್ಪು ಅವರದ್ದೇ ಎಂದು ಹೇಳಬೇಡಿ. ಅರವತ್ತು ವರ್ಷದ ಹಿಂದೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇದೇ ಬೆಂಗಳೂರಿನ ಸಂಸ್ಥೆಯವರು ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಕ್ಷಯರೋಗಿಗಳು ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಕೈಗೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಅವರನ್ನು ಕಳಿಸಲಾಗಿತ್ತು. ನಿಮ್ಮ ತಮ್ಮನ ಮೆಡಿಕಲ್ ಶಾಪಿನ ಸಿರಪ್ಪು ಅದೇ ಬಾಟಲಿಯ ಮೊಮ್ಮಗ. ಎಷ್ಟೋ ಜನ ಆ ಹಂತದಲ್ಲೇ ಕಳೆದುಹೋಗುತ್ತಾರೆ. ನೀವು ತಮ್ಮನನ್ನು ಅಲ್ಲಿಂದ ಕರೆತಂದು ರಿಜಿಸ್ಟರಿಗೆ ಹೆಸರು ಬರೆಸಿದ್ದೀರಿ. ದೊಡ್ಡ ಗಂಡಾಂತರ ದಾಟಿಸಿದವರು ನೀವೇ.

ಮುಂದೆ ಏನು ಮಾಡಬಹುದು? ನನ್ನ ಸಲಹೆ, ಈಗಿರುವ ತಾಲ್ಲೂಕು ಆಸ್ಪತ್ರೆಯಲ್ಲೇ ಮುಂದುವರಿಯಿರಿ. ಅಲ್ಲಿನ ಅಪಾಯವೆಂದರೆ ಕೆಲವೊಮ್ಮೆ ಮಾತ್ರೆಯ ಸರಬರಾಜು ತಡವಾಗುವುದು. 2024ರ ಆರಂಭದಲ್ಲಿ ದೇಶದ ಹಲವು ಕಡೆ ಹಾಗಾಗಿತ್ತು. ಮನೆಯಲ್ಲಿ ಇನ್ನೂ ಒಂದು ವಾರದ ಮಾತ್ರೆ ಇರುವಾಗಲೇ ಮುಂದಿನದನ್ನು ತನ್ನಿ. ಸಿಗದಿದ್ದರೆ ಕಾಯುತ್ತಾ ಕೂರಬೇಡಿ, ಅದೇ ಔಷಧವನ್ನು ಬರೆಸಿಕೊಂಡು ಹೊರಗೆ ಕೊಳ್ಳಿ. ಖಾಸಗಿ ವೈದ್ಯರ ಬಳಿಗೆ ಹೋಗುವುದಾದರೆ ಅದೂ ತಪ್ಪಲ್ಲ, ಅಲ್ಲಿಯೂ ನಿಕ್ಷಯ್ ಎಂಬ ಸರ್ಕಾರದ ಟಿಬಿ ಆನ್‌ಲೈನ್ ದಾಖಲೆಯಲ್ಲಿ ಹೆಸರು ಬರಬೇಕು. ಸರ್ಕಾರದ ಉಚಿತ ಔಷಧ ಅಲ್ಲಿಗೂ ಸಿಗುತ್ತದೆ. ಆದರೆ ಆರು ತಿಂಗಳ ಖರ್ಚು ನಿಭಾಯಿಸಲಾಗದೆ ಮೂರನೇ ತಿಂಗಳಿಗೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ಬರೆದುಕೊಡುವ ಔಷಧದ ಮೇಲೂ ಕಣ್ಣಿರಲಿ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಂಬೈನ ಧಾರಾವಿಯ 106 ಖಾಸಗಿ ವೈದ್ಯರಿಂದ ಟಿಬಿ ಚೀಟಿ ಬರೆಸಿದಾಗ 63 ಬಗೆಯ ಚೀಟಿಗಳು ಬಂದವು, ಸರಿಯಾಗಿದ್ದದ್ದು ಆರು. ಆಮೇಲೆ ಬಹಳ ಬದಲಾಗಿದೆ, ಅನೇಕ ಖಾಸಗಿ ವೈದ್ಯಮಿತ್ರರು ನನಗಿಂತ ಚೆನ್ನಾಗಿ ನೋಡುತ್ತಾರೆ. ಆದರೂ ನಾಲ್ಕರ ಬದಲು ಎರಡೇ ಔಷಧ ಬರೆದಿದ್ದರೆ ಕಾರಣ ಕೇಳಿ.

ಗಾಡಿಗೆ ಹೋಗುವ ವಿಷಯ. ದುಡಿಯಬೇಡಿ ಎಂದು ಹೇಳುವುದು ನನಗೆ ಸುಲಭ, ಮನೆ ನಡೆಸುವವರು ನೀವು. ಎರಡು ತಿಂಗಳು ತುಂಬಿ, ಕಫ ಪರೀಕ್ಷೆ ಆಗುವವರೆಗೆ ದೂರದ ಲೋಡು ಬೇಡ. ಆಮೇಲೆ ಮೈಯಲ್ಲಿ ಕಸುವು ಬಂದಿದ್ದರೆ ಹತ್ತಿರದ ಟ್ರಿಪ್ಪುಗಳಿಂದ ಶುರುಮಾಡಲಿ. ಬೇರೆ ರಾಜ್ಯದಲ್ಲಿ ಸಿಕ್ಕಿಕೊಂಡರೂ ನಿಕ್ಷಯ್ ಐಡಿ ತೋರಿಸಿದರೆ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಕೇಳಬಹುದು. ಆ ಸಂಖ್ಯೆಯನ್ನು ಲೈಸೆನ್ಸಿನ ಹಿಂದೆ ಒಂದು ಚೀಟಿಯಲ್ಲಿ ಬರೆದಿಡಿ. ‘ಬಿಟ್ಟುಹೋದವರು’ ಎಂಬ ಕಾಲಮ್ಮಿನಲ್ಲಿ ನಾನು ಬರೆದ ಹೆಸರುಗಳಲ್ಲಿ ಡ್ರೈವರುಗಳು, ಗಾರೆ ಕೆಲಸದವರು, ಕಬ್ಬು ಕಡಿಯಲು ಹೋದವರೇ ಹೆಚ್ಚು.

ತಟ್ಟೆ ಲೋಟ ಇವತ್ತೇ ಒಟ್ಟಿಗೆ ಸೇರಿಸಿ. ಟಿಬಿ ಎಂಜಲಿನಿಂದ ಬರುವುದಿಲ್ಲ. ಸರಿಯಾದ ಔಷಧ ಶುರುವಾದ ಒಂದೆರಡು ವಾರದಲ್ಲೇ ಹರಡುವ ಶಕ್ತಿ ಬಹಳ ಇಳಿಯುತ್ತದೆ. ಮನೆಯವರಿಗೆ ಹರಡಿದ್ದರೆ ಅದು ಸಿರಪ್ಪು ಕುಡಿಯುತ್ತಿದ್ದ ಆ ಎರಡು ತಿಂಗಳಲ್ಲಿ ಹರಡಿರುತ್ತದೆ. ಮದ್ರಾಸಿನ ಅಧ್ಯಯನದಲ್ಲೂ ಮನೆಯಲ್ಲೇ ಚಿಕಿತ್ಸೆ ಪಡೆದವರ ಮನೆಮಂದಿಗೆ ಸ್ಯಾನಿಟೋರಿಯಂ ರೋಗಿಗಳ ಮನೆಮಂದಿಗಿಂತ ಹೆಚ್ಚು ಟಿಬಿ ಬರಲಿಲ್ಲ. ಕಿಟಕಿ ತೆಗೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ, ಸಾಕು. ತಟ್ಟೆ ಬೇರೆ ಮಾಡಿದ ಮನೆಯಲ್ಲಿ ರೋಗಿ ಕಡಿಮೆ ಉಣ್ಣುತ್ತಾನೆ. ಇದನ್ನು ನಾನು ಎಷ್ಟು ಮನೆಗಳಲ್ಲಿ ಕಂಡಿದ್ದೇನೋ ಲೆಕ್ಕವಿಲ್ಲ.

ಮಕ್ಕಳ ವಿಷಯದಲ್ಲಿ ತಡ ಬೇಡ. ಇಬ್ಬರೂ ಮಕ್ಕಳು, ತಮ್ಮನ ಹೆಂಡತಿ, ನೀವು, ಮನೆಯಲ್ಲಿರುವ ಎಲ್ಲರೂ ಒಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಟಿಬಿ ಇಲ್ಲ ಎಂದು ಖಚಿತವಾದವರಿಗೆ ಅದು ಬರದಂತೆ ತಡೆಯುವ ಔಷಧ ಕೊಡುತ್ತಾರೆ, ದಿನವೂ ಆರು ತಿಂಗಳು ಅಥವಾ ವಾರಕ್ಕೊಮ್ಮೆಯಂತೆ 12 ವಾರ. ನಾಲ್ಕು ವರ್ಷದ ಮಗುವಿಗೆ ಇದು ಎಲ್ಲರಿಗಿಂತ ಮುಖ್ಯ, ಆ ವಯಸ್ಸಿನಲ್ಲಿ ಟಿಬಿ ಮಿದುಳಿಗೆ ಏರುವ ಭಯವಿದೆ. ಐದು ವಾರವಾದರೂ ಯಾರೂ ಇದನ್ನು ಹೇಳಿಲ್ಲವಾದರೆ ನಾಳೆಯೇ ನೀವಾಗಿ ಹೋಗಿ ಕೇಳಿ.

ಕೊನೆಗೆ ಒಂದು ವಿವರ. ‘ಮಾಮೂಲಿ ಮಾತ್ರೆಗೆ ಬಗ್ಗುವಂಥದ್ದು’ ಎಂದು ಅವರು ಹೇಳಿದ್ದು ಬಹುಶಃ ಸಿಬಿನಾಟ್ ಅಥವಾ ಟ್ರೂನಾಟ್ ಎಂಬ ಯಂತ್ರದ ಕಫ ಪರೀಕ್ಷೆಯ ಫಲಿತಾಂಶ ನೋಡಿ. ಸಾಮಾನ್ಯವಾಗಿ ಅದು ತಿಳಿಸುವುದು ರಿಫಾಂಪಿಸಿನ್ ಬಗ್ಗೆ ಮಾತ್ರ. ಐಸೋನಿಯಾಜಿಡ್‌ಗೆ ಬಗ್ಗುತ್ತದೆಯೇ ಎಂದು ನೋಡಲು ಎಲ್‌ಪಿಎ ಎಂಬ ಇನ್ನೊಂದು ಪರೀಕ್ಷೆಗೆ ಕಫ ಹೋಗಿರುತ್ತದೆ. ಅದರ ವರದಿ ಬಂತೇ ಕೇಳಿ. ಆರು ತಿಂಗಳು ಮುಗಿದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ.

ಇನ್ನು ಮೂರು ವಾರಕ್ಕೆ ಎರಡನೇ ತಿಂಗಳ ಕಫ ಪರೀಕ್ಷೆ ಬರುತ್ತದೆ. ಅವತ್ತು ಚಪ್ಪಲಿ ಬಿಟ್ಟು, ಜೇಬಿನಲ್ಲಿರುವ ಮೊಬೈಲು, ಗಾಡಿ ಕೀಲಿ ತೆಗೆದಿಟ್ಟು ತಮ್ಮನನ್ನು ಮೊದಲು ತೂಗಿದ ತಕ್ಕಡಿಯ ಮೇಲೆಯೇ ನಿಲ್ಲಿಸಿ. ಕಫದ ವರದಿಯನ್ನೂ ಆ ತೂಕವನ್ನೂ ಬರೆದು ಕಳಿಸಿ. ನಾನು ಕಾಯುತ್ತಿರುತ್ತೇನೆ.